ಮೇಷ್ಟ್ರ ನಂಬರಿನಲ್ಲಿ ಓಡಿದವರು

ಹಲ್ಲಣ್ಣ ಪೂರ್ತಿ ಮ್ಯಾರಥಾನಿಗೆ ಇಳಿದದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಇನ್ನೊಬ್ಬರ ಹೆಸರಿನಲ್ಲಿ. ಆ ಇನ್ನೊಬ್ಬರು ಹೈಸ್ಕೂಲಿನ ಗಣಿತದ ಮೇಷ್ಟ್ರು. ಆ ದಿನದ ಮಾತು ಬಂದರೆ ಮೇಷ್ಟ್ರು ಇವತ್ತಿಗೂ ಸದ್ದಿಲ್ಲದೆ ಎದ್ದು ಹೋಗಿ ನಲ್ಲಿ ಬಿಟ್ಟು ಮುಖ ತೊಳೆದುಕೊಳ್ಳುತ್ತಾರೆ. ಹಾಗಂತ ಹಲ್ಲಣ್ಣನವರ ಕಥೆಯನ್ನು ಆ ದಿನದಿಂದಲೇ ಶುರು ಮಾಡಿದರೆ ಅನ್ಯಾಯವಾಗುತ್ತದೆ. ಐವತ್ತನಾಲ್ಕು ವರ್ಷ ಬದುಕಿದವರು ಅವರು, ಬರೀ ಒಂದು ಭಾನುವಾರ ಸತ್ತವರಲ್ಲ.

ಹಲ್ಲಣ್ಣ ಅನ್ನುವುದು ಓಟದ ಗುಂಪಿನವರು ಇಟ್ಟ ಹೆಸರು. ಅವರ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರ ಕ್ಲಿನಿಕ್ಕಿನ ಹಿಂದೆ, ಪೊರಕೆ ಬಕೆಟ್ಟು ಇಡುವ ಓಣಿಯ ಪಕ್ಕ, ಒಂದೇ ಕಿಟಕಿಯ ಕೋಣೆ. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ನಂಬರು ಬರೆದ ಪ್ಲಾಸ್ಟರಿನ ದವಡೆಗಳು. ಒಂದು ಸ್ಪಿರಿಟ್ ದೀಪ, ಗುಲಾಬಿ ಬಣ್ಣದ ಮೇಣದ ಹಾಳೆಗಳು, ಕಾಲಲ್ಲಿ ಒತ್ತಿದರೆ ತಿರುಗುವ ಉಜ್ಜುವ ಚಕ್ರ. ಸಂಜೆ ಹೊತ್ತಿಗೆ ಹುಬ್ಬಿನ ಮೇಲೆಲ್ಲ ಬಿಳಿ ಪುಡಿ. ಮುಂದುಗಡೆ ಡಾಕ್ಟರು ಬಾಯಿ ನೋಡಿ ಅಚ್ಚು ತೆಗೆದು ಕಳಿಸುತ್ತಿದ್ದರು. ಆಮೇಲಿನದೆಲ್ಲ ಹಲ್ಲಣ್ಣನವರ ಕೈಚಳಕ. ಮೂವತ್ತು ವರ್ಷದಲ್ಲಿ ಊರಿನ ಅರ್ಧ ಮುದುಕರು ಅವರು ಮಾಡಿದ ಹಲ್ಲಿನಿಂದ ನಕ್ಕಿದ್ದಾರೆ, ರೊಟ್ಟಿ ಮುರಿದಿದ್ದಾರೆ, ಸೊಸೆಯರನ್ನು ಬೈದಿದ್ದಾರೆ. ಒಬ್ಬರಿಗೂ ಈ ಮನುಷ್ಯನ ಮುಖ ಗೊತ್ತಿರಲಿಲ್ಲ. ಹಲ್ಲಣ್ಣನವರಿಗೂ ಅದರ ಬಗ್ಗೆ ಕೊರಗಿರಲಿಲ್ಲ. ರಸ್ತೆಯಲ್ಲಿ ಯಾರಾದರೂ ಬಾಯಿ ತುಂಬ ನಕ್ಕರೆ ಪಕ್ಕದವರಿಗೆ ಮೊಣಕೈಯಿಂದ ತಿವಿದು, "ಮೇಲಿನ ಸಾಲು ನಂದು," ಅನ್ನುತ್ತಿದ್ದರು, ಅಷ್ಟೇ.

ಓಡುವ ಹುಚ್ಚು ಅವರಿಗೆ ಹತ್ತಿದ್ದು ನಲವತ್ತಾರನೇ ವಯಸ್ಸಿನಲ್ಲಿ, ಅದೂ ಒಂದು ಸಿಟಿ ಬಸ್ಸಿನಿಂದಾಗಿ. ಯಾರೋ ಅಜ್ಜನಿಗೆ ಮೊಮ್ಮಗಳ ಮದುವೆ, ಮಾರನೇ ದಿನ ಫೋಟೋಕ್ಕೆ ನಿಲ್ಲಬೇಕು, ಬಾಯಲ್ಲಿ ಒಂದೂ ಹಲ್ಲಿಲ್ಲ. ಸೆಟ್ಟನ್ನು ತಾವೇ ಮನೆಗೆ ಮುಟ್ಟಿಸುತ್ತೇನೆಂದು ಹಲ್ಲಣ್ಣ ಡಬ್ಬಿ ಹಿಡಿದು ಹೊರಟಿದ್ದರು. ಕಣ್ಣೆದುರೇ ಬಸ್ಸು ಹೊರಟುಬಿಟ್ಟಿತು. ಬಿಟ್ಟಾರೆಯೇ? ಹಿಂದೆ ಓಡಿದರು. ಒಂದು ಸ್ಟಾಪು, ಎರಡು ಸ್ಟಾಪು. ಡಬ್ಬಿಯೊಳಗೆ ಹಲ್ಲು ಕಟಕಟ ಅನ್ನುತ್ತಿತ್ತು. ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಹಿಂದಿನ ಗಾಜಿನಿಂದ ಇದನ್ನೆಲ್ಲ ನೋಡುತ್ತಿದ್ದವರೇ ಮೇಷ್ಟ್ರು. ಅವರು ಕೂಗಿ ಬಸ್ಸು ನಿಲ್ಲಿಸಿದರು. ಹತ್ತಿದ ಹಲ್ಲಣ್ಣ ಏದುಸಿರು ಬಿಡುತ್ತಾ ಕಂಬಿ ಹಿಡಿದು ನಿಂತು, "ನಿಲ್ಲಿಸಬಾರದಿತ್ತು ಸಾರ್, ಇನ್ನೊಂದು ಸ್ಟಾಪು ಬರ್ತಿದ್ದೆ," ಅಂದರು.

ಮೇಷ್ಟ್ರು ಆಗಲೇ ಮೂರು ವರ್ಷದಿಂದ ಓಡುತ್ತಿದ್ದವರು. ಆಳು ಸಿಕ್ಕರೆ ಬಿಡುವ ಜಾಯಮಾನ ಓಡುವವರದ್ದಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಐದೂವರೆಗೆ ಹಲ್ಲಣ್ಣ ಕೆಲಸಕ್ಕೆ ಹೋಗುವ ಪ್ಯಾಂಟಿನಲ್ಲೇ ಕೆರೆ ದಂಡೆಯ ಮೇಲೆ ಹಾಜರು.

ಗುಂಪು ಅಂದರೆ ಭಾರಿ ದಂಡೇನಲ್ಲ, ನಾಲ್ಕೇ ಜನ. ಮೇಷ್ಟ್ರು, ಹಲ್ಲಣ್ಣ, ಬ್ಯಾಂಕಿನ ಕ್ಯಾಷಿಯರ್ ಅಕ್ಕ, ಜೊತೆಗೆ ಒಬ್ಬ ಟ್ಯಾಕ್ಸಿ ಡ್ರೈವರ್. ಅಕ್ಕ ಮತ್ತು ಡ್ರೈವರ್ ಕಾಲಿಗೆ ಚಕ್ರ ಕಟ್ಟಿಕೊಂಡವರು, ಮೊದಲ ಕಿಲೋಮೀಟರಿನಲ್ಲೇ ಕಣ್ಮರೆ. ಮೇಷ್ಟ್ರು ಮತ್ತು ಹಲ್ಲಣ್ಣ ಹಿಂದುಳಿದು ಜೊತೆಯಾಗಿ ಓಡುವರು. ಉಸಿರು ಸಿಗದಷ್ಟು ಜೋರಾಗಿ ಓಡಬಾರದು, ಮಾತಾಡಿಕೊಂಡು ಹೋಗುವಷ್ಟೇ ವೇಗ ಇರಬೇಕು ಎಂದು ಮೇಷ್ಟ್ರು ಎಲ್ಲೋ ಓದಿದ್ದರು. ಆ ಒಂದು ನಿಯಮವನ್ನು ಇಬ್ಬರೂ ಚಾಚೂ ತಪ್ಪದೆ ಪಾಲಿಸಿದರು. ಎಂಟು ವರ್ಷ ಮಾತಾಡಿದರು. ಮುಖ ನೋಡಿಕೊಂಡು ಹೇಳಲಾಗದ್ದನ್ನು ಪಕ್ಕಪಕ್ಕ ಓಡುವಾಗ ಹೇಳುವುದು ಸುಲಭ. ಮೇಷ್ಟ್ರಿಗೆ ಪ್ರತಿ ವರ್ಷ ಫಲಿತಾಂಶದ ದಿನ ಫೇಲಾದ ಮಕ್ಕಳ ಮುಖ ನೆನೆದು ಊಟ ಸೇರದಿರುವುದು, ಹಲ್ಲಣ್ಣನವರಿಗೆ ಮಕ್ಕಳಾಗಲಿಲ್ಲವೆಂಬುದು, ಆ ವಿಷಯ ಅವರೂ ಹೆಂಡತಿಯೂ ಹದಿನೈದು ವರ್ಷದಿಂದ ಒಮ್ಮೆಯೂ ಎತ್ತಿಲ್ಲವೆಂಬುದು, ಎಲ್ಲ ಆ ಕೆರೆ ದಂಡೆಗೆ ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ ಒಬ್ಬರ ಮನೆಗೆ ಇನ್ನೊಬ್ಬರು ಹೋದದ್ದು ಎರಡು ಮೂರು ಸಲ ಇರಬಹುದು. ಓಟದ ಗೆಳೆತನದ ರೀತಿಯೇ ಹಾಗೆ. ಷೂ ಬಿಚ್ಚಿದ ಮೇಲೆ ಎಲ್ಲರೂ ತಂತಮ್ಮ ಪಾಡಿಗೆ.

ಗುಂಪಿನಲ್ಲಿ ಒಂದು ಪದ್ಧತಿ ಇತ್ತು. ಯಾವುದಾದರೂ ಓಟಕ್ಕೆ ಹೆಸರು ಕೊಟ್ಟವರಿಗೆ ಜ್ವರ ಬಂದರೆ, ಕಾಲು ಉಳುಕಿದರೆ, ಅವರ ಬಿಬ್ಬನ್ನು, ಅಂದರೆ ಎದೆಗೆ ಪಿನ್ನು ಹಾಕಿಕೊಳ್ಳುವ ನಂಬರನ್ನು, ಇನ್ನೊಬ್ಬರು ಹಾಕಿಕೊಂಡು ಓಡುವುದು. ನಂಬರು ಖಾಲಿ ಹೋಗಬಾರದು. ಹೀಗೆ ಮಾಡಕೂಡದೆಂದು ಅರ್ಜಿಯ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರೆದಿರುತ್ತದೆ. ಅದನ್ನು ಓದಿದ ಪುಣ್ಯಾತ್ಮರು ಯಾರೂ ಇಲ್ಲ. ಒಮ್ಮೆ ಕ್ಯಾಷಿಯರ್ ಅಕ್ಕನ ನಂಬರಿನಲ್ಲಿ ಡ್ರೈವರ್ ಓಡಿದ. ಸಂಜೆ ಅಕ್ಕನ ಫೋನಿಗೆ ಸಂದೇಶ ಬಂತು: ನಲವತ್ತೈದು ದಾಟಿದ ಮಹಿಳೆಯರಲ್ಲಿ ನಿಮಗೆ ಎರಡನೇ ಸ್ಥಾನ, ಅಭಿನಂದನೆಗಳು. ಆರು ತಿಂಗಳು ಡ್ರೈವರನ್ನು ಎಲ್ಲರೂ "ಮೇಡಂ" ಎಂದೇ ಕರೆದರು. ಬಹುಮಾನದ ಕಪ್ಪನ್ನು ಅಕ್ಕ ಪ್ರಾಮಾಣಿಕವಾಗಿ ವಾಪಸ್ ಕಳಿಸಿದರು ಅನ್ನಿ.

ಹಲ್ಲಣ್ಣನವರಿಗೆ ಇದ್ದ ಆಸೆ ಒಂದೇ. ತಮ್ಮದೇ ನಗರದ ದೊಡ್ಡ ಮ್ಯಾರಥಾನಿನಲ್ಲಿ ನಲವತ್ತೆರಡು ಕಿಲೋಮೀಟರನ್ನು ಒಂದು ಸಲ ಪೂರ್ತಿ ಓಡಬೇಕು. ಆ ಓಟಕ್ಕೆ ಅರ್ಜಿ ಹಾಕಿದವರಿಗೆಲ್ಲ ಜಾಗ ಇಲ್ಲ, ಚೀಟಿ ಎತ್ತುತ್ತಾರೆ. ಮೂರು ವರ್ಷ ಹಾಕಿದರು, ಮೂರು ವರ್ಷವೂ ಹೆಸರು ಬರಲಿಲ್ಲ. ನಾಲ್ಕನೇ ವರ್ಷ ಅವರ ಜೊತೆ ಸುಮ್ಮನೆ ಅರ್ಜಿ ಹಾಕಿದ ಮೇಷ್ಟ್ರ ಹೆಸರು ಬಂತು. ಹಲ್ಲಣ್ಣನವರದು ಆಗಲೂ ಇಲ್ಲ. "ಪರವಾಗಿಲ್ಲ ಬಿಡಿ, ನೀವು ತಯಾರಾಗಿ, ಜೊತೆಗೆ ನಾನೂ ಓಡ್ತೀನಿ," ಅಂದರು. ಅಂದ ಹಾಗೇ ನಡೆದುಕೊಂಡರು. ಐದು ತಿಂಗಳು, ತಮಗೆ ಸಿಗದ ಓಟಕ್ಕಾಗಿ, ಮೇಷ್ಟ್ರಿಗೆ ಸರಿಸಮನಾಗಿ ಹೆಜ್ಜೆ ಹಾಕಿದರು. ಮೂವತ್ತೆರಡು ಕಿಲೋಮೀಟರಿನ ಆ ಉದ್ದನೆಯ ಅಭ್ಯಾಸದ ದಿನ ಮೇಷ್ಟ್ರು ಕೊನೆಯಲ್ಲಿ ಕೂತೇಬಿಟ್ಟಾಗ ಅವರ ತೋಳು ಹಿಡಿದು ಎಬ್ಬಿಸಿ, ಬೈದು, ನಗಿಸಿ ಮನೆ ಬಾಗಿಲವರೆಗೂ ಮುಟ್ಟಿಸಿದವರು ಹಲ್ಲಣ್ಣ.

ಓಟಕ್ಕೆ ಎರಡು ದಿನ ಇರುವಾಗ ಮೇಷ್ಟ್ರು ಹೋಗಿ ನಂಬರು ತಂದರು. ಶಿಸ್ತಿನ ಮನುಷ್ಯ. ಬಿಬ್ಬಿನ ಹಿಂಬದಿಯಲ್ಲಿ ತುಂಬಬೇಕಾದ ಜಾಗಗಳನ್ನೆಲ್ಲ ಅಲ್ಲೇ ಕೌಂಟರಿನ ಮೇಲೆ ಇಟ್ಟು ಅಳಿಸದ ಮಸಿಯಲ್ಲಿ ದುಂಡಗೆ ತುಂಬಿದರು: ಹೆಸರು, ವಯಸ್ಸು, ತುರ್ತು ಸಂದರ್ಭದಲ್ಲಿ ಕರೆ ಮಾಡಬೇಕಾದ ಹೆಂಡತಿಯ ಫೋನು. ಮಾರನೇ ದಿನ ಸ್ಕೂಲಿನಲ್ಲಿ ಉತ್ತರಪತ್ರಿಕೆಯ ಕಟ್ಟು ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಕೊನೇ ಮೆಟ್ಟಿಲು ತಪ್ಪಿತು. ಮಂಡಿ ಊದಿ ಗಡಿಗೆಯಾಯಿತು.

ಸಂಜೆ ಕುಂಟುತ್ತಾ ಕ್ಲಿನಿಕ್ಕಿನ ಹಿಂದಿನ ಕೋಣೆಗೆ ಹೋಗಿ ಬಿಬ್ಬನ್ನು ಮೇಣದ ಹಾಳೆಗಳ ಪಕ್ಕ ಇಟ್ಟರು. ಹಲ್ಲಣ್ಣ ಕೈ ಒರೆಸಿಕೊಂಡು ಅದನ್ನು ಮುಟ್ಟಿ ನೋಡಿದರು.

"ನಿಮ್ಮ ಹೊಟ್ಟೆ ಉರೀತಿಲ್ವಾ ಮೇಷ್ಟ್ರೇ?"

"ಉರೀತಿದೆ. ಅದಕ್ಕೇ ಬೇಗ ತಗೊಳ್ಳಿ, ಮನಸ್ಸು ಬದಲಾಯಿಸಿಬಿಟ್ಟೇನು." ಆಮೇಲೆ ಮೇಷ್ಟ್ರಿಗೆ ನೆನಪಾಯಿತು. "ಹಿಂದುಗಡೆ ನಂದೆಲ್ಲ ಬರೆದುಬಿಟ್ಟಿದ್ದೀನಿ. ಹೊಡೆದು ಹಾಕಿ ನಿಮ್ಮದು ಬರ್ಕೊಳ್ಳಿ."

ಹಲ್ಲಣ್ಣ ಪೆನ್ನು ಕೈಗೆ ತೆಗೆದುಕೊಂಡರು. ಬಿಬ್ಬು ತಿರುಗಿಸಿದರು. ದುಂಡನೆಯ ಅಕ್ಷರಗಳನ್ನು ನೋಡಿ ಪೆನ್ನು ಕೆಳಗಿಟ್ಟರು.

"ಓಡೋಕೆ ಜಾಗ ಕೊಟ್ಟ ಮನುಷ್ಯನ ಹೆಸರಿನ ಮೇಲೆ ಗೀಟು ಎಳೀಲಾ? ನನ್ನ ಕೈಲಾಗಲ್ಲ. ಇರಲಿ ಬಿಡಿ, ನಾನೇನು ಬೀಳೋಕೆ ಹೋಗ್ತಿದ್ದೀನಾ?"

ಮೂವತ್ತು ವರ್ಷ ಮಕ್ಕಳ ತಪ್ಪಿಗೆ ಕೆಂಪು ಮಸಿ ಸುರಿದ ಮೇಷ್ಟ್ರು ಆವತ್ತು ನಕ್ಕು ಸುಮ್ಮನಾದರು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಫ್ರಿಜ್ಜಿನಲ್ಲಿ ಮಂಜುಗಟ್ಟಿದ ಬಟಾಣಿ ಪ್ಯಾಕೆಟ್ಟನ್ನು ಮಂಡಿಗೆ ಒತ್ತಿಕೊಂಡು, ಫೋನು ಹಿಡಿದು ಕೂತಿದ್ದರು. ನಂಬರಿನ ಹಿಂದೆ ಅಂಟಿಸಿದ ಎಲೆಕ್ಟ್ರಾನಿಕ್ ಚಿಪ್‌ನಿಂದ ಯಾರು ಎಲ್ಲಿ ದಾಟಿದರೆಂಬುದು ಫೋನಿನಲ್ಲಿ ಬರುತ್ತದೆ. ತಮ್ಮದೇ ಹೆಸರು ಹತ್ತು ಕಿಲೋಮೀಟರು ದಾಟಿತು, ಇಪ್ಪತ್ತು ದಾಟಿತು, ಮೂವತ್ತು ದಾಟಿತು. ಮೇಷ್ಟ್ರಿಗೆ ಕೂತಲ್ಲೇ ಬೆವರು. ಮೂವತ್ತೈದು ಮಾತ್ರ ಬರಲಿಲ್ಲ. ಒಂಬತ್ತೂವರೆ ಆಯಿತು, ಹತ್ತಾಯಿತು. ಸುಸ್ತಾಗಿ ನಡೆಯುತ್ತಿರಬೇಕು ಅಂದುಕೊಂಡರು. ನಡೆಯಲಿ ಪಾಪ, ನಡೆದಾದರೂ ಮುಗಿಸಲಿ.

ಹತ್ತೂವರೆಗೆ ಹೆಂಡತಿ ಕಾಫಿ ತಂದುಕೊಟ್ಟು ಪಕ್ಕದಲ್ಲಿ ಕೂತರು. ನಂಬರನ್ನು ಇನ್ನೊಬ್ಬರಿಗೆ ಕೊಟ್ಟ ಸಂಗತಿ ಆಕೆಗೆ ಗೊತ್ತಿರಲಿಲ್ಲ. ಇಂಥ ಕಳ್ಳಾಟ ಆಕೆಗೆ ಸೇರುವುದಿಲ್ಲವೆಂದು ಮೇಷ್ಟ್ರೇ ಹೇಳಿರಲಿಲ್ಲ.

"ನಿಮಗೊಂದು ತಮಾಷೆ ಹೇಳೋದು ಮರೆತೆ. ಆಗಲೇ ಒಂದು ಫೋನ್ ಬಂದಿತ್ತು. ಯಾರೋ ಹುಡುಗಿ, ಆಸ್ಪತ್ರೆಯಿಂದ ಅಂತೆ. ನಿಮ್ಮ ಹೆಸರು ಹೇಳಿ, ನಿಮ್ಮ ಯಜಮಾನರು ಓಡ್ತಾ ಓಡ್ತಾ ಬಿದ್ದುಬಿಟ್ಟಿದ್ದಾರೆ, ತಕ್ಷಣ ಬನ್ನಿ ಅಂದ್ಲು. ಮೇಲಿನ ಮನೆಯವರಿಗೆ ಹೀಗೇ ಅಲ್ವಾ ಮಗನಿಗೆ ಆಕ್ಸಿಡೆಂಟ್ ಆಗಿದೆ ಅಂತ ಹೇಳಿ ಟೋಪಿ ಹಾಕಿದ್ದು? ನಾನೂ ಬಿಡಲಿಲ್ಲ. ನಮ್ಮ ಯಜಮಾನರು ಇಲ್ಲೇ ಬಟಾಣಿ ಕರಗಿಸ್ತಾ ಕೂತಿದ್ದಾರೆ, ಬೇರೆಯವರನ್ನ ನೋಡ್ಕೋ ಅಂದೆ. ಫೋನಿಟ್ಟು ಆ ನಂಬರನ್ನ ಬ್ಲಾಕ್ ಮಾಡಿದೆ."

ಕಾಫಿ ಲೋಟ ಮೇಷ್ಟ್ರ ಕೈಯಿಂದ ಯಾವಾಗ ಬಿತ್ತೋ ಅವರಿಗೆ ತಿಳಿಯಲಿಲ್ಲ. "ಎಷ್ಟು ಹೊತ್ತಿಗೆ ಬಂತು?" ಎಂದು ಎರಡು ಸಲ ಕೇಳಿದರು. ಒಂಬತ್ತೂ ಐವತ್ತಕ್ಕೆ ಬಂದಿತ್ತು. ಆಸ್ಪತ್ರೆಯ ಹೆಸರು ಪುಣ್ಯಕ್ಕೆ ಹೆಂಡತಿಗೆ ನೆನಪಿತ್ತು.

ಹಲ್ಲಣ್ಣನವರ ಹೆಂಡತಿಗೆ ತಿಳಿಸಬೇಕು. ಫೋನು ತೆಗೆದರೆ, ಆಕೆಯ ನಂಬರೇ ಇಲ್ಲ. ಎಂಟು ವರ್ಷ ಜೊತೆಗೆ ಓಡಿದ ಮನುಷ್ಯನ ಹೆಂಡತಿಯ ಫೋನ್ ನಂಬರು ಅವರ ಹತ್ತಿರ ಇರಲಿಲ್ಲ. ಹಲ್ಲಣ್ಣನವರ ನಂಬರಿಗೆ ಮಾಡಿದರು. ಅದು ಓಟಕ್ಕೆ ಮುಂಚೆ ಇಟ್ಟುಹೋದ ಚೀಲದೊಳಗೆ ಎಲ್ಲೋ ಹೊಡೆದುಕೊಂಡು ಸುಮ್ಮನಾಯಿತು. ಅಕ್ಕ, ಡ್ರೈವರ್ ಇಬ್ಬರೂ ಓಟದಲ್ಲಿ ನೀರು ಹಂಚಲು ಹೋಗಿದ್ದರು, ಅವರ ಬಳಿಯೂ ಆಕೆಯ ನಂಬರು ಇರಲಿಲ್ಲ. ಆಕೆ ಸಾರ್ವಜನಿಕ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವರು, ಭಾನುವಾರವೂ ಕೆಲಸ ಇರುತ್ತದೆ ಎಂದು ಹಲ್ಲಣ್ಣ ಯಾವತ್ತೋ ಓಡುವಾಗ ಹೇಳಿದ್ದರು. ಅದೊಂದು ಮಾತು ಮೇಷ್ಟ್ರಿಗೆ ನೆನಪಿತ್ತು. ಟ್ಯಾಕ್ಸಿ ಹಿಡಿದು ಹೋದರು. ಗ್ರಂಥಾಲಯದ ಕೆಳಮಹಡಿಯಲ್ಲಿ, ಅಂಟಿನ ವಾಸನೆಯ ನಡುವೆ, ಬೆರಳಿಗೆ ದಾರ ಸುತ್ತಿಕೊಂಡು ಕೂತಿದ್ದ ಆಕೆ ಕುಂಟುತ್ತಾ ಬಂದ ಮೇಷ್ಟ್ರನ್ನು ಕಂಡು ಎದ್ದುನಿಂತರು.

"ನೀವು ಇವತ್ತು ಅವರ ಜೊತೆ ಹೋಗಲಿಲ್ವಾ?"

ಆಸ್ಪತ್ರೆ ಅಲ್ಲಿಂದ ಇಪ್ಪತ್ತೇ ನಿಮಿಷದ ದಾರಿ. ಹನ್ನೊಂದು ಇಪ್ಪತ್ತೈದಕ್ಕೆ ಮುಟ್ಟಿದರು. ಹಲ್ಲಣ್ಣ ಹನ್ನೊಂದೂ ಐದಕ್ಕೆ ಹೋಗಿಬಿಟ್ಟಿದ್ದರು.

ಕೌಂಟರಿನಲ್ಲಿದ್ದವನ ಮುಂದೆ ಒಂದು ಫೈಲು ಇತ್ತು. ಮೇಲೆ ಮೇಷ್ಟ್ರ ಹೆಸರು. "ನೀವು ಇವರಿಗೆ ಏನಾಗಬೇಕು?" ಎಂದು ಅವನು ಕೇಳಿದ. "ಅದು ನಾನು," ಅಂದರು ಮೇಷ್ಟ್ರು. "ಆ ಹೆಸರು ನಂದು. ಒಳಗಿರೋರು ಬೇರೆ." ಅವನು ಫೈಲನ್ನೂ ಅವರ ಮುಖವನ್ನೂ ನೋಡಿದ. ಗುರುತಿನ ಚೀಟಿ ತೋರಿಸಿ, ಎರಡು ಕಡೆ ಸಹಿ ಹಾಕಿ, ತಾವು ಸತ್ತಿಲ್ಲವೆಂದು ಮೇಷ್ಟ್ರು ಬರೆದುಕೊಡಬೇಕಾಯಿತು.

ಹೃದಯದ ದೊಡ್ಡ ರಕ್ತನಾಳವೇ ಕಟ್ಟಿಕೊಂಡಿತ್ತು, ಯಾರ ಹೆಸರು ಬರೆದಿದ್ದರೂ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಒಳ್ಳೆಯ ಮನುಷ್ಯ, ಸಮಾಧಾನಕ್ಕೇ ಹೇಳಿದ್ದು. ಆದರೆ ಮೇಷ್ಟ್ರಿಗೆ ಲೆಕ್ಕ ಬರುತ್ತದಲ್ಲ. ಒಂಬತ್ತೂ ಐವತ್ತಕ್ಕೆ ಆ ಫೋನು ಸರಿಯಾದ ಕೈಗೆ ಹೋಗಿದ್ದರೆ ಹತ್ತೂಕಾಲಿಗೆ ಹಲ್ಲಣ್ಣನವರ ಹೆಂಡತಿ ಪಕ್ಕದಲ್ಲಿರುತ್ತಿದ್ದರು. ಐವತ್ತು ನಿಮಿಷ ಆಕೆಯ ಪಾಲಿಗೆ ಸಿಗುತ್ತಿತ್ತು.

ಆಕೆ ಒಳಗೆ ಹೋಗಿದ್ದಾಗ ಒಬ್ಬಳು ನರ್ಸು ಮೇಷ್ಟ್ರ ಹತ್ತಿರ ಬಂದಳು. ಬೆಳಿಗ್ಗೆ ಫೋನು ಮಾಡಿದವಳು ಅವಳೇ. ಬೈಸಿಕೊಂಡಿದ್ದಕ್ಕೆ ಅವಳೇನೂ ಅನ್ನಲಿಲ್ಲ.

"ಅವರಿಗೆ ನಡುನಡುವೆ ಎಚ್ಚರ ಇತ್ತು ಸಾರ್. ಹೆಸರು ಹಿಡಿದು ಕೂಗ್ತಿದ್ದೆ, ಕಣ್ಣು ಬಿಡಿ, ಇಲ್ಲಿ ನೋಡಿ ಅಂತ. ಹೆಸರು ಕರೆದಾಗೆಲ್ಲ ತಲೆ ಹೀಗೆ ಹೀಗೆ ಅಲ್ಲಾಡಿಸೋರು. ಬಾಯಿಗೆ ಆಕ್ಸಿಜನ್ ಹಾಕಿದ್ದೆವು, ಮಾತು ಬರ್ತಿರಲಿಲ್ಲ. ನೋವಿಗೆ ಹಾಗೆ ಮಾಡ್ತಿದ್ದಾರೆ ಅಂದುಕೊಂಡೆ. ಈಗ ಗೊತ್ತಾಯ್ತು. ನಾನಲ್ಲ, ನಾನಲ್ಲ ಅಂತಿದ್ರು, ಅಲ್ವಾ?"

ಮೇಷ್ಟ್ರು ಗೋಡೆಗೆ ಒರಗಿದರು. ಮಂಡಿ ನೋವು ಅವರಿಗೆ ನೆನಪೇ ಇರಲಿಲ್ಲ.

ಎಲ್ಲ ಮುಗಿಯಿತು. ಓಟದ ಗುಂಪು ಕೆರೆ ದಂಡೆಗೆ ಹೋಗುವುದು ತಾನಾಗಿಯೇ ನಿಂತಿತು. ಕ್ಯಾಷಿಯರ್ ಅಕ್ಕ ಒಂದು ಬೆಳಿಗ್ಗೆ ಷೂ ಕಟ್ಟಿಕೊಂಡು ಗೇಟಿನವರೆಗೆ ಹೋಗಿ ಅಲ್ಲೇ ಕೂತು ಅತ್ತು ವಾಪಸ್ ಬಂದರಂತೆ. ಮೇಷ್ಟ್ರ ಮನೆಯಲ್ಲಿ ಫೋನು ಹೊಡೆದುಕೊಂಡರೆ ಹೆಂಡತಿ ಬೆಚ್ಚಿ ಬೀಳುತ್ತಿದ್ದರು. ಯಾವ ಅಪರಿಚಿತ ನಂಬರು ಬಂದರೂ ಎತ್ತಿ, ಸಾಲ ಬೇಕೇ ಎಂದು ಕೇಳುವವರ ಮಾತನ್ನೂ ಕೊನೆಯವರೆಗೆ ಕೇಳಿಸಿಕೊಳ್ಳುತ್ತಿದ್ದರು. "ನಾನು ಫೋನ್ ಇಡಬಾರದಿತ್ತು," ಅನ್ನುತ್ತಿದ್ದರು. "ಬರೆದಿದ್ದು ನನ್ನ ಕೈ, ಮುಚ್ಚಿಟ್ಟಿದ್ದೂ ನಾನೇ," ಅನ್ನುತ್ತಿದ್ದರು ಮೇಷ್ಟ್ರು. ಇಬ್ಬರೂ ತಪ್ಪನ್ನು ತಮ್ಮ ಕಡೆಗೇ ಎಳೆದುಕೊಳ್ಳುತ್ತಿದ್ದರು, ಇಬ್ಬರಿಗೂ ಅದರಿಂದ ಹಗುರವಾಗಲಿಲ್ಲ.

ನರ್ಸು ಹೇಳಿದ ಮಾತನ್ನು ಮಾತ್ರ ಮೇಷ್ಟ್ರು ಯಾರಿಗೂ ಹೇಳಿರಲಿಲ್ಲ. ಅದು ತಮ್ಮೊಳಗೇ ಉಳಿಯಲಿ ಎಂದು ಒಂದು ದಿನ ಅನ್ನಿಸುವುದು. ಹಲ್ಲಣ್ಣನವರ ಕಡೆಯ ಮಾತು ಅಂತ ಇದ್ದದ್ದು ಅದೊಂದೇ, ಅದು ಆಕೆಗೆ ಸೇರಬೇಕಾದ್ದು, ಬಚ್ಚಿಡಲು ತಾನ್ಯಾರು ಎಂದು ಮಾರನೇ ದಿನ ಅನ್ನಿಸುವುದು. ತರಗತಿಯಲ್ಲಿ ಹಾಜರಿ ಕೂಗುವುದೇ ಕಷ್ಟವಾಯಿತು. ಒಂದು ಹುಡುಗಿ ತನ್ನ ಹೆಸರಿಗೆ ತಡವಾಗಿ ಓಗೊಟ್ಟಳೆಂದು ಹಾಜರಿ ಪುಸ್ತಕವನ್ನೇ ಮುಚ್ಚಿಟ್ಟುಬಿಟ್ಟರು.

ಐದು ವಾರ ಕಳೆದ ಮೇಲೆ, ಒಂದು ಮಧ್ಯಾಹ್ನ, ಅವರು ಹಲ್ಲಣ್ಣನವರ ಮನೆಗೆ ಹೋದರು. ಮೂರನೇ ಮಹಡಿಯಲ್ಲಿ ಎರಡು ಕೋಣೆ. ಆಕೆ ಊಟದ ಮೇಜಿನ ಮೇಲೆ ಹಳೇ ನಿಘಂಟೊಂದನ್ನು ಬಿಚ್ಚಿ ಹರಡಿಕೊಂಡು ಹೊಲಿಯುತ್ತಿದ್ದರು. ಗ್ರಂಥಾಲಯಕ್ಕೆ ಹೋದರೆ ಎಲ್ಲರೂ ಮಾತಾಡಿಸುತ್ತಾರೆ, ಅದಕ್ಕೇ ಕೆಲಸ ಮನೆಗೆ ತಂದಿದ್ದೇನೆ ಅಂದರು. ಕುರ್ಚಿ ತೋರಿಸಿದರು. ಮೇಷ್ಟ್ರು ಕೂತು, ನೀರು ಕುಡಿದು, ಒಂದಕ್ಷರ ಬಿಡದೆ ಎಲ್ಲ ಹೇಳಿದರು. ಪೆನ್ನು ಕೆಳಗಿಟ್ಟಿದ್ದು, ತಾವು ನಕ್ಕು ಸುಮ್ಮನಾದದ್ದು, ಬೆಳಗಿನ ಫೋನು, ಬ್ಲಾಕ್ ಮಾಡಿದ್ದು, ನರ್ಸು ಹೆಸರು ಹಿಡಿದು ಕೂಗಿದ್ದು, ಅವರು ತಲೆ ಅಲ್ಲಾಡಿಸಿದ್ದು.

ಆಕೆ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿ ಇಟ್ಟರು.

"ಎಷ್ಟು ಸಲ ಕರೆದರಂತೆ?"

"ಬಹಳ ಸಲ."

"ಪ್ರತಿ ಸಲಾನೂ ತಲೆ ಆಡಿಸಿದ್ರಂತಾ?"

"ಹೂಂ. ಅವರ ಹೆಸರು ಹಿಡಿದು ಅಲ್ಲಿ ಒಬ್ಬರೂ ಕರೀಲಿಲ್ಲ ಅಮ್ಮಾ. ಅದು ನನ್ನಿಂದ ಆಯ್ತು."

ಆಕೆ ಹೊಲಿಯದೆ ಉಳಿದಿದ್ದ ಹಾಳೆಗಳನ್ನು ಒಟ್ಟುಗೂಡಿಸಿ ಪಕ್ಕಕ್ಕಿಟ್ಟರು.

"ಹೆಸರು ಹಿಡಿದು ನಾನೂ ಯಾವತ್ತೂ ಕರೆದವಳಲ್ಲ ಮೇಷ್ಟ್ರೇ. ಇಪ್ಪತ್ತಾರು ವರ್ಷ ಬರೀ 'ರೀ' ಅಂತಿದ್ದೆ, ಅಷ್ಟೇ. ಅಲ್ಲಿ ಯಾವ ಹೆಸರು ಬರೆದಿದ್ರೇನು? ನಾನು ಪಕ್ಕದಲ್ಲಿ ನಿಂತು ಒಂದು ಸಲ 'ರೀ' ಅಂದಿದ್ರೆ, ಅವರು ಕಣ್ಣು ಬಿಡ್ತಿದ್ರು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮೇಷ್ಟ್ರು ಹೇಗೋ ತಡೆದುಕೊಳ್ಳುತ್ತಿದ್ದರು.